ಖಡ್ಗಮೃಗದ ಕಾಡಿನಲ್ಲಿ ಕಾಲ್ನಡಿಗೆ

ದಕ್ಷಿಣ ಆಫ್ರಿಕದ ಹ್ಲುಹ್ಲುವೆ-ಇಮ್‌ಫೊಲೊಜಿ ವನ್ಯಧಾಮವನ್ನು ವಾಹನದಲ್ಲಿ ಕುಳಿತೂ ನೋಡಬಹುದು. ಆದರೆ ಅದರ ದಕ್ಷಿಣ ಭಾಗದಲ್ಲಿ ರಸ್ತೆಯೇ ಇಲ್ಲದ ವಿಸ್ತಾರವೊಂದಿದೆ; ಅಲ್ಲಿ ನಡೆದೇ ಹೋಗಬೇಕು. ಇಯಾನ್ ಪ್ಲೇಯರ್ ಮತ್ತು ಅವರ ಜುಲು ಸಂಗಾತಿ ಮಾಗ್ಕುಬು ಎನ್‌ಟೊಂಬೆಲಾ 1959ರಲ್ಲಿ ಆರಂಭಿಸಿದ ಕ್ರಮವಿದು. ಬಂದೂಕು ಹಿಡಿದ ಮಾರ್ಗದರ್ಶಿಗಳ ಹಿಂದೆ ನಾವು ಒಂದೇ ಸಾಲಿನಲ್ಲಿ, ಮಾತಿಲ್ಲದೆ ನಡೆದೆವು.

ಇಂಥ ನಡಿಗೆಯಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ. ಅಲ್ಲಿ ನಾನು ಮೊದಲು ಗುರುತಿಸಲು ಕಲಿತದ್ದು ಕೆಂಪು ಕೊಕ್ಕಿನ ಆಕ್ಸ್‌ಪೆಕರ್ ಹಕ್ಕಿಯ ಸಿಡುಕಿನ ದನಿಯನ್ನು. ಮೃಗಗಳ ಮೈಮೇಲೆ ಕುಳಿತು ಉಣ್ಣಿಗಳನ್ನು ಹೆಕ್ಕಿ ತಿನ್ನುವ ಹಕ್ಕಿಯಿದು. ಗಾಯವಿದ್ದರೆ ರಕ್ತವನ್ನೂ ಹೀರುತ್ತದೆ. ಪರೋಪಕಾರಿಯೆಂದು ಹೊಗಳುವ ಹಾಗಿಲ್ಲವೆನ್ನಿ. ಪೂರ್ವ ಆಫ್ರಿಕದ ಸ್ವಾಹಿಲಿ ನುಡಿಯಲ್ಲಿ ಇದಕ್ಕೆ ‘ಅಸ್ಕಾರಿ ವಾ ಕಿಫಾರು’, ಅಂದರೆ ಖಡ್ಗಮೃಗದ ಕಾವಲುಗಾರನೆಂದು ಹೆಸರು. ಹೆಸರು ಅನ್ವರ್ಥವೇ. ಖಡ್ಗಮೃಗದ ದೃಷ್ಟಿ ಬಹಳ ಮಂದ. ಇದೇ ಕಾಡಿನಲ್ಲಿ ಕಪ್ಪು ಖಡ್ಗಮೃಗಗಳನ್ನು ನಡೆದು ಸಮೀಪಿಸಿದ ಸಂಶೋಧಕರ ವರದಿ 2020ರಲ್ಲಿ ಪ್ರಕಟವಾಯಿತು: ಹಕ್ಕಿಯಿಲ್ಲದಾಗ ಅವು ನೂರಕ್ಕೆ 23 ಸಲ ಮಾತ್ರ ಮನುಷ್ಯನನ್ನು ಅರಿತವು, ಹಕ್ಕಿ ಜೊತೆಗಿದ್ದಾಗ ಪ್ರತಿಸಲವೂ. ಆ ಕೂಗು ನಮಗೂ ಎಚ್ಚರಿಕೆಯೇ: ಪೊದೆಯ ಹಿಂದೆ ಮೃಗವಿದೆ, ಗಾಳಿಯ ದಿಕ್ಕು ನೋಡಿ ಸರಿಯಬೇಕು.

ಕೊಂಬಿಗಾಗಿ ಬರುವವನೂ ನಡೆದೇ ಬರುತ್ತಾನೆ. 1895ರಲ್ಲಿ ರಕ್ಷಿತವಾದ ಈ ನೆಲದಲ್ಲಿ ಅಳಿದುಳಿದ ಕೆಲವೇ ಬಿಳಿ ಖಡ್ಗಮೃಗಗಳಿಂದ ದಕ್ಷಿಣದ ಆ ಸಂತತಿಯೆಲ್ಲ ಮತ್ತೆ ಬೆಳೆಯಿತು. ಅದೇ ನೆಲದಲ್ಲಿ 2023ರೊಂದರಲ್ಲೇ 307 ಖಡ್ಗಮೃಗಗಳು ಕಳ್ಳಬೇಟೆಗೆ ಬಲಿಯಾದವು. 2024ರಲ್ಲಿ ಅರಣ್ಯಪಾಲಕರು ತಾವೇ ಅವುಗಳ ಕೊಂಬು ಕತ್ತರಿಸತೊಡಗಿದರು. ನಮ್ಮ ಉಗುರಿನಂತೆ ಅದು ಮತ್ತೆ ಬೆಳೆಯುತ್ತದೆ, ಮತ್ತೆ ಕತ್ತರಿಸಬೇಕಾಗುತ್ತದೆ.