ವಿದೇಶದಲ್ಲಿರುವಾಗ ಮಕ್ಕಳಿಗೆ ಮನೆಯಲ್ಲೇ ಪಾಠ

ಪ್ರಶ್ನೆ: ಬಿಡದಿಯ ಕಾರ್ಖಾನೆಯಿಂದ ಒಂದೆರಡು ವರ್ಷ ವಿದೇಶಕ್ಕೆ ಹೋಗುವವರು ಮಕ್ಕಳನ್ನು ಮನೆಯಲ್ಲೇ ಓದಿಸಬಹುದೇ? ಮರಳಿದ ಮೇಲೆ ರಾಮನಗರ, ಮಾಗಡಿಯ ಶಾಲೆಗಳಿಗೆ ಸೇರಿಸಲು ತೊಡಕಾಗದೇ?

ಉತ್ತರ: ಹೋಮ್ ಸ್ಕೂಲಿಂಗ್‌ಗೆ ಅವಕಾಶ ಉಂಟೋ ಇಲ್ಲವೋ ಎಂಬುದು ಕುಟುಂಬ ನೆಲೆಸಿರುವ ದೇಶದ ಕಾನೂನಿಗೆ ಬಿಟ್ಟದ್ದು. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ. ಅಲ್ಲಿ ವಾಸವಿರುವ ವಿದೇಶಿ ಮಕ್ಕಳಿಗೂ ವಿನಾಯಿತಿ ಇಲ್ಲ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಲಿಸಬಹುದು. ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಅವಕಾಶವಿದೆ, ನಿಯಮ ಮಾತ್ರ ರಾಜ್ಯಕ್ಕೊಂದು. ಬಿಡದಿಯ ಟೊಯೊಟಾ ನೌಕರರಿಗೆ ಪರಿಚಿತವಾದ ಜಪಾನಿನಲ್ಲಿ ಕಡ್ಡಾಯ ಶಿಕ್ಷಣ ವಿದೇಶಿಯರಿಗೆ ಅನ್ವಯಿಸುವುದಿಲ್ಲ. ಆದರೆ ಬಯಸಿದರೆ ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲದೆ ಕಲಿಯಬಹುದು. ಚಿಕ್ಕ ಮಕ್ಕಳಿಗೆ ಇದೇ ಮೇಲು.

ಮರಳಿದ ಮೇಲೆ 14 ವರ್ಷದೊಳಗಿನವರಿಗೆ ದೊಡ್ಡ ತೊಡಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದವರಿಗೆ ವಿಶೇಷ ತರಬೇತಿ ಕೊಡಲು ಹೇಳುತ್ತದೆ. ಚನ್ನಪಟ್ಟಣ, ಕನಕಪುರದ ಸರ್ಕಾರಿ ಶಾಲೆಗಳಿಗೂ ಇದೇ ಕಾನೂನು. ನಿಜವಾದ ಇಕ್ಕಟ್ಟು ಹತ್ತನೇ ತರಗತಿಯದು. ಅದಕ್ಕೆ 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿಯಿದೆ. 14 ತುಂಬಿದವರು ಅದರ ಸೆಕೆಂಡರಿ ಕೋರ್ಸಿಗೆ ಸೇರಬಹುದು.

ಪೋಷಕರು ಮರೆಯುವುದು ಕನ್ನಡವನ್ನು. ಗಣಿತ, ವಿಜ್ಞಾನ ಎಲ್ಲಿದ್ದರೂ ಸಾಗುತ್ತವೆ. ಓದು ಬರಹ ಬಿಟ್ಟ ಕನ್ನಡ ಬೇಗ ಮಂಕಾಗುತ್ತದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡ ಮೊದಲ ಅಥವಾ ಎರಡನೇ ಭಾಷೆ. ಹೊರಡುವಾಗ ಕರ್ನಾಟಕ ಪಠ್ಯಪುಸ್ತಕ ಸಂಘದ ಕನ್ನಡ ಪುಸ್ತಕಗಳನ್ನೂ ವರ್ಗಾವಣೆ ಪತ್ರವನ್ನೂ ಜೊತೆಗೊಯ್ಯಿರಿ.