ಮನೆ, ಅಂಗಡಿಗೆ ಚರಂಡಿ ನೀರು ನುಗ್ಗಿದ್ರೆ ಮೊದಲು ಮಾಪ್ ಅಲ್ಲ, ಮೇನ್ ಸ್ವಿಚ್

ಮಡಿವಾಳ: ರಾತ್ರಿ ಜೋರು ಮಳೆ. ಬೆಳಗ್ಗೆ ಶಟರ್ ಎತ್ತಿದ್ರೆ ಅಂಗಡಿ ತುಂಬಾ ಕಪ್ಪು ನೀರು, ಬಾತ್‌ರೂಮ್ ಟ್ರ್ಯಾಪ್‌ನಿಂದ ಗುಳುಗುಳು ಅಂತ ಇನ್ನೂ ಬರ್ತಾನೇ ಇದೆ. ಸಿಲ್ಕ್ ಬೋರ್ಡ್, ಮಾರುತಿ ನಗರ, ಮಾರ್ಕೆಟ್ ಸುತ್ತಮುತ್ತ ತಗ್ಗಿನಲ್ಲಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಆಗ ನಾವೆಲ್ಲ ಮಾಡೋದು ಒಂದೇ: ಪೊರಕೆ, ಮಾಪ್ ಹಿಡಿದು ಇಳಿಯೋದು. ಇಲ್ಲಾಂದ್ರೆ ರಸ್ತೆಯಲ್ಲಿ ಸಿಕ್ಕ ಕೆಲಸದವರನ್ನ ಕರೆದು ಕೈಗೆ ದುಡ್ಡು ಕೊಟ್ಟು ಇಳಿಸೋದು. ಎರಡರಲ್ಲೂ ಜೀವ ಹೋಗೋ ಅಪಾಯ ಇದೆ.

2025ರ ಮೇ 19ರಂದು ನಮ್ಮ ಪಕ್ಕದ ಬಿಟಿಎಂ 2ನೇ ಹಂತದ ಎನ್.ಎಸ್. ಪಾಳ್ಯದಲ್ಲಿ ಏನಾಯ್ತು ಅಂತ ನೆನಪಿರಬಹುದು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ನಿಂತ ಮಳೆ ನೀರನ್ನ ಮೋಟಾರ್ ಇಟ್ಟು ಹೊರಹಾಕುವಾಗ ಕರೆಂಟ್ ಹೊಡೆದು ಹಿರಿಯರೊಬ್ಬರು, ಒಬ್ಬ ಬಾಲಕ ತೀರಿಕೊಂಡರು. ನೀರು ಕೊಂದಿದ್ದಲ್ಲ, ನೀರಿನಲ್ಲಿದ್ದ ಕರೆಂಟ್ ಕೊಂದಿದ್ದು. ಹಾಗಾಗಿ ಕ್ಲೀನಿಂಗ್‌ಗೂ ಒಂದು ಕ್ರಮ ಇದೆ.

ಮೊದಲ ಹತ್ತು ನಿಮಿಷ

ಮೇನ್ ಸ್ವಿಚ್ ಆಫ್ ಮಾಡಿ. ಸ್ವಿಚ್ ಬೋರ್ಡ್‌ಗೆ ಹೋಗೋಕೆ ನೀರು ತುಳಿಯಬೇಕು ಅಂದ್ರೆ ಹೋಗ್ಲೇಬೇಡಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಹೊರಗಿರಲಿ. ಫ್ಲಶ್, ನಲ್ಲಿ, ವಾಷಿಂಗ್ ಮಷಿನ್ ಎಲ್ಲ ನಿಲ್ಲಿಸಿ. ಪಿಜಿ ಅಥವಾ ಮೂರ್ನಾಲ್ಕು ಮಹಡಿ ಕಟ್ಟಡ ಆದ್ರೆ ಮೇಲಿನವರಿಗೂ ಹೇಳಿ. ಅವರು ಸ್ನಾನ ಮಾಡಿದ ನೀರು ಕೆಳಗಿನ ಮನೆಯಲ್ಲೇ ಉಕ್ಕೋದು.

ಆಮೇಲೆ ಜಲಮಂಡಳಿ ಸಹಾಯವಾಣಿ 1916ಕ್ಕೆ ದೂರು ಕೊಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ರಸ್ತೆಯ ಒಳಚರಂಡಿ, ಅಂದ್ರೆ ಯುಜಿಡಿ ಲೈನ್, ಜಲಮಂಡಳಿಯದ್ದು. ರಾಜಕಾಲುವೆ, ಮಳೆ ನೀರಿನ ಮೋರಿ ಪಾಲಿಕೆಯದ್ದು. ಎರಡನ್ನೂ ಒಂದೇ ಅಂದುಕೊಂಡು ತಪ್ಪು ಕಡೆ ದೂರು ಕೊಟ್ಟು ದಿನಗಟ್ಟಲೆ ಕಾಯೋರು ತುಂಬಾ ಜನ.

ಯಾಕೆ ಉಕ್ಕುತ್ತೆ?

ಯುಜಿಡಿ ಪೈಪ್ ಇರೋದು ಶೌಚಾಲಯ, ಅಡುಗೆಮನೆ, ಬಚ್ಚಲ ನೀರಿಗೆ. ಮಳೆ ನೀರಿಗಲ್ಲ. ಆದ್ರೆ ಎಷ್ಟೋ ಕಟ್ಟಡಗಳಲ್ಲಿ ತಾರಸಿ ಪೈಪನ್ನ ಸೀದಾ ಚೇಂಬರ್‌ಗೆ ಬಿಟ್ಟಿರ್ತಾರೆ. ಮಳೆ ಬಂದಾಗ ಲೈನ್ ತುಂಬಿ, ಹೋಗೋಕೆ ಜಾಗ ಇಲ್ಲದ ನೀರು ಎಲ್ಲಕ್ಕಿಂತ ತಗ್ಗಿನ ಮನೆಯ ಟ್ರ್ಯಾಪ್‌ನಿಂದ ಮೇಲೆ ಬರುತ್ತೆ. ಹೋಟೆಲ್ ಎಣ್ಣೆ ಜಿಡ್ಡು, ಪ್ಯಾಡ್, ಡೈಪರ್, ಕಟ್ಟಡದ ಮರಳು ಸೇರಿದ್ರೆ ಮಳೆ ಇಲ್ಲದೇನೂ ಕಟ್ಟಿಕೊಳ್ಳುತ್ತೆ.

ಚೇಂಬರ್‌ಗೆ ಯಾರನ್ನೂ ಇಳಿಸಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲ ಇರುತ್ತೆ, ಆಮ್ಲಜನಕ ಕಡಿಮೆ ಇರುತ್ತೆ. ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆ ವಾಸನೆ. ಪ್ರಮಾಣ ಜಾಸ್ತಿಯಾದ್ರೆ ಮೂಗೇ ಕೆಲಸ ನಿಲ್ಲಿಸುತ್ತೆ. ವಾಸನೆ ಇಲ್ಲ, ಪರವಾಗಿಲ್ಲ ಅಂತ ಇಳಿದವರು ಅಲ್ಲೇ ಬೀಳ್ತಾರೆ. ಅವರನ್ನ ಎತ್ತೋಕೆ ಇಳಿದವರೂ ಬೀಳ್ತಾರೆ. ಯಾರಾದ್ರೂ ಒಳಗೆ ಬಿದ್ದಿದ್ರೆ ನೀವು ಇಳಿಯಬೇಡಿ, 112ಕ್ಕೆ ಫೋನ್ ಮಾಡಿ.

2017ರ ಮಾರ್ಚ್‌ನಲ್ಲಿ ಸಿ.ವಿ. ರಾಮನ್ ನಗರದ ಕಗ್ಗದಾಸಪುರದ ಮ್ಯಾನ್‌ಹೋಲ್‌ನಲ್ಲಿ ಮೂವರು ಸತ್ತರು. 2018ರ ಜನವರಿಯಲ್ಲಿ ಇಲ್ಲೇ ಎಚ್‌ಎಸ್‌ಆರ್ ಲೇಔಟ್ ಬಳಿಯ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟ್‌ನ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಮತ್ತೆ ಮೂವರು.

2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ರಕ್ಷಣಾ ಸಾಧನ, ಸುರಕ್ಷತೆ ವ್ಯವಸ್ಥೆ ಇಲ್ಲದೆ ಯಾರನ್ನೂ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕ್ಲೀನಿಂಗ್‌ಗೆ ಇಳಿಸುವಂತಿಲ್ಲ. ಇದು ಗುತ್ತಿಗೆದಾರರಿಗೆ ಮಾತ್ರ ಅಲ್ಲ, ಮನೆ ಮಾಲೀಕರಿಗೂ, ಅಂಗಡಿಯವರಿಗೂ ಅನ್ವಯ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡೋ ಪರಿಹಾರವನ್ನ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದೆ. "ಅವ್ನೇ ಇಳೀತೀನಿ ಅಂದ, ದುಡ್ಡು ಕೊಟ್ಟೆ" ಅಂದ್ರೆ ಬಚಾವ್ ಆಗಲ್ಲ. ಜೆಟ್ಟಿಂಗ್, ಸಕ್ಕಿಂಗ್ ಯಂತ್ರ ಇರೋದು ಇದಕ್ಕೇ.

ನೀರು ಇಳಿದ ಮೇಲೆ

ನೀರು ಹೋಯ್ತು ಅಂದ್ರೆ ಕ್ಲೀನ್ ಆಯ್ತು ಅಂತಲ್ಲ. ಉಳಿದ ಕೊಳೆಯಿಂದ ವಾಂತಿ ಭೇದಿ, ಟೈಫಾಯ್ಡ್, ಕಾಮಾಲೆ ಬರಬಹುದು. ಇಲಿ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದ್ರೆ ಇಲಿ ಜ್ವರ ಬರಬಹುದು. ಕ್ಲೀನ್ ಮಾಡಿದ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದ್ರೆ ಡಾಕ್ಟರ್ ಹತ್ರ "ಚರಂಡಿ ನೀರು ತುಳಿದಿದ್ದೆ" ಅಂತ ತಪ್ಪದೇ ಹೇಳಿ.

ಗಮ್‌ಬೂಟ್, ದಪ್ಪ ರಬ್ಬರ್ ಗ್ಲೌಸ್, ಮಾಸ್ಕ್, ಕಣ್ಣಿಗೆ ಕನ್ನಡಕ ಇಲ್ಲದೆ ಇಳಿಯಬೇಡಿ. ಕೆಲಸದವರಿಗೂ ಅದೇ ಕೊಡಿ. ಕ್ರಮ ಹೀಗೆ: ಮೊದಲು ಕೆಸರು ತೆಗೀಬೇಕು, ಆಮೇಲೆ ಸೋಪು ನೀರಲ್ಲಿ ಉಜ್ಜಿ ತೊಳೀಬೇಕು, ಕೊನೆಗೆ ಬ್ಲೀಚಿಂಗ್ ಪೌಡರ್. ಕೆಸರಿನ ಮೇಲೇ ಪೌಡರ್ ಎರಚಿದ್ರೆ ದಂಡ. 10 ಲೀಟರ್ ಬಕೆಟ್‌ಗೆ ಸುಮಾರು 150 ಗ್ರಾಂ ಹೊಸ ಪೌಡರ್ ಕಲಸಿ, ಕಿಟಕಿ ಬಾಗಿಲು ತೆರೆದಿಟ್ಟು ನೆಲಕ್ಕೆ ಹಾಕಿ. ಕನಿಷ್ಠ ಹತ್ತು ನಿಮಿಷ ಬಿಟ್ಟು ತೊಳೀರಿ. ಬರೀ ಫಿನಾಯಿಲ್ ಸುರಿದ್ರೆ ವಾಸನೆ ಮುಚ್ಚುತ್ತೆ, ಕೊಳೆ ಅಲ್ಲೇ ಇರುತ್ತೆ.

ಟಾಯ್ಲೆಟ್ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಹಾಕಲೇಬೇಡಿ. ಕ್ಲೋರಿನ್ ಅನಿಲ ಹುಟ್ಟುತ್ತೆ, ಬಾತ್‌ರೂಮಿನಂಥ ಚಿಕ್ಕ ಜಾಗದಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತೆ.

ಕೊನೆಯದು ಒಣಗಿಸೋದು. ಒದ್ದೆ ಗೋಡೆ, ಪ್ಲೈವುಡ್ ಮೇಲೆ ಒಂದೆರಡು ದಿನದಲ್ಲೇ ಬೂಷ್ಟು ಶುರುವಾಗುತ್ತೆ. ವೈರಿಂಗ್ ಚೆಕ್ ಮಾಡಿಸಿದ ಮೇಲೇ ಫ್ಯಾನ್ ಹಾಕಿ. ಗೋಡೆ ಪೂರ್ತಿ ಒಣಗೋವರೆಗೂ ಪೇಂಟ್ ಹೊಡೆಸಬೇಡಿ.

ಸಂಪ್ ಮರೀಬೇಡಿ

ನಮ್ಮ ಕಡೆ 30/40 ಸೈಟಿನಲ್ಲಿ ಸಂಪ್ ಒಂದು ಕಡೆ, ಚೇಂಬರ್ ಅದರ ಪಕ್ಕದಲ್ಲೇ. ಚೇಂಬರ್ ಉಕ್ಕಿದ್ರೆ ಸಂಪ್ ನೀರು ಕೆಟ್ಟಿದೆ ಅಂತಲೇ ತಿಳ್ಕೊಳ್ಳಿ. ಮೋಟಾರ್ ಹಾಕಿ ಓವರ್‌ಹೆಡ್ ಟ್ಯಾಂಕ್‌ಗೆ ಏರಿಸಬೇಡಿ. ಸಂಪ್ ಖಾಲಿ ಮಾಡಿಸಿ, ಉಜ್ಜಿಸಿ, ಹೊಸ ನೀರು ತುಂಬಿಸಿ 1,000 ಲೀಟರಿಗೆ ಸುಮಾರು 150 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ 12 ಗಂಟೆ ಬಿಡಿ. ಆ ನೀರನ್ನ ಬಳಸದೆ ಹೊರಹಾಕಿ ಮತ್ತೆ ತುಂಬಿಸಿ. ಸಂಪ್ ಕೂಡ ಮುಚ್ಚಿದ ಗುಂಡಿನೇ. ಮುಚ್ಚಳ ತೆಗೆದ ಕೂಡಲೇ ಇಳಿಯೋದು, ಒಬ್ಬರೇ ಇಳಿಯೋದು ಬೇಡ.

ಅಂಗಡಿಯವರಿಗೆ

ಯಾವುದನ್ನೂ ಎಸೆಯೋ ಮುಂಚೆ ಫೋಟೊ, ವಿಡಿಯೊ ತೆಗೀರಿ. ಇನ್ಶೂರೆನ್ಸ್ ಇದ್ರೆ ಬೇಕಾಗುತ್ತೆ. ನೀರು ತಾಗಿದ ಅಕ್ಕಿ, ಬೇಳೆ, ಹಿಟ್ಟು, ತರಕಾರಿ, ಬಿಸ್ಕತ್ ಪ್ಯಾಕೆಟ್, ರಟ್ಟಿನ ಡಬ್ಬದ ಸಾಮಾನು ಎಲ್ಲ ಎಸೀಬೇಕು. ತಿರುಗಿಸೋ ಮುಚ್ಚಳದ ಬಾಟಲಿಗಳೂ ಅಷ್ಟೇ, ಮುಚ್ಚಳದ ಸಂದಿನಲ್ಲಿ ಕೊಳೆ ಉಳಿಯುತ್ತೆ. ಸೀಲ್ ಆಗಿರೋ ತಗಡಿನ ಡಬ್ಬ ಮಾತ್ರ ತೊಳೆದು, ಬ್ಲೀಚ್ ನೀರಲ್ಲಿ ಅದ್ದಿ ಉಳಿಸಿಕೊಳ್ಳಬಹುದು. ಹಾಸಿಗೆ, ಕಾರ್ಪೆಟ್ ಒಳಗಿಂದ ಕ್ಲೀನ್ ಆಗಲ್ಲ. "ಒಣಗಿಸಿ ಕಡಿಮೆ ರೇಟಿಗೆ ಮಾರೋಣ" ಅನ್ನೋ ಯೋಚನೆ ಬೇಡ. ತಗೊಳ್ಳೋರು ನಮ್ಮ ರಸ್ತೆಯವರೇ.

ಕಂಪನಿಯವರನ್ನ ಕರೆದ್ರೆ ಏನು ಕೇಳ್ಬೇಕು?

ನೀರು ಬೇಸ್‌ಮೆಂಟ್ ತುಂಬಿದ್ರೆ, ಫಾಲ್ಸ್ ಸೀಲಿಂಗ್, ಮರದ ಗೋಡೆ ನೆನೆದಿದ್ರೆ, ಮನೆಯಲ್ಲಿ ಕಾಯಿಲೆಯವರಿದ್ರೆ ನೀವೇ ಮಾಡೋದಕ್ಕಿಂತ ಇದೇ ಕೆಲಸ ಮಾಡೋರನ್ನ ಕರೆಸೋದು ಒಳ್ಳೇದು. ರಕ್ತ ಚೆಲ್ಲಿದ ಜಾಗ, ಬಾಗಿಲು ಹಾಕಿದ ರೂಮಿನಲ್ಲಿ ಸಾವು ಆದಾಗಲೂ ಅಷ್ಟೇ. ಆದ್ರೆ ಅಲ್ಲಿ ಮೊದಲು ಪೊಲೀಸರು, ಅವರು ಹೇಳಿದ ಮೇಲೆ ಕ್ಲೀನಿಂಗ್. ಪೊರಕೆ ಹಿಡಿದ ಎಲ್ಲರೂ ಪರಿಣತರಲ್ಲ, ಹಾಗಾಗಿ ಕೇಳಿ: ಹುಡುಗರಿಗೆ ಬೂಟು, ಗ್ಲೌಸ್ ಕೊಡ್ತೀರಾ? ನೀರು ಎಳೆಯೋ ಮಷಿನ್ ಇದೆಯಾ? ಯಾವ ಕೆಮಿಕಲ್ ಹಾಕ್ತೀರಾ? ಗೋಡೆ ಒಣಗಿದ್ದನ್ನ ಅಳೆದು ತೋರಿಸ್ತೀರಾ? ಕಸ ಎಲ್ಲಿಗೆ ಹಾಕ್ತೀರಾ? ಬಿಲ್ ಕೊಡ್ತೀರಾ? "ರಾಜಕಾಲುವೆಗೆ ಬಿಡ್ತೀವಿ ಸರ್" ಅಂದ್ರೆ ವಾಪಸ್ ಕಳಿಸಿ. ಇಲ್ಲಿ ಬಿಟ್ಟಿದ್ದು ಮುಂದಿನ ತಗ್ಗಿನವರ ಮನೆಗೆ ಹೋಗುತ್ತೆ.

ಮುಂದಿನ ಮಳೆಗೆ ಮುಂಚೆ ಎರಡು ಕೆಲಸ ಮಾಡಿ. ನಿಮ್ಮ ತಾರಸಿ ಪೈಪ್ ಎಲ್ಲಿಗೆ ಹೋಗುತ್ತೆ ಅಂತ ನೋಡಿ, ಚೇಂಬರ್‌ಗಿದ್ರೆ ಬದಲಾಯಿಸಿ. ಪ್ಲಂಬರ್‌ಗೆ ಹೇಳಿ ಮನೆಯ ಲೈನಿಗೆ ನೀರು ವಾಪಸ್ ಬರದ ಹಾಗೆ ತಡೆಯೋ ವಾಲ್ವ್ ಹಾಕಿಸಿ. ಹಾಗೇ 1916, 1912, 112 ಮೂರೂ ನಂಬರನ್ನ ಶಟರ್ ಒಳಗೆ, ನೀರು ತಾಗದ ಎತ್ತರದಲ್ಲಿ ಬರೆದಿಡಿ.