ಪೀಠಿಕೆಯಲ್ಲಿ ದೇವರ ಹೆಸರು

ರಾಷ್ಟ್ರವೊಂದು ತನ್ನ ರಾಜ್ಯಾಂಗವನ್ನು ಯಾರ ಹೆಸರಿನಲ್ಲಿ ಆರಂಭಿಸತಕ್ಕದ್ದು? ಐರ್ಲೆಂಡು 1937ರಲ್ಲಿ ಕ್ರೈಸ್ತರ ತ್ರಿಯೇಕ ದೇವರ ಹೆಸರಿನಲ್ಲಿ ಆರಂಭಿಸಿತು. 1949ರ ಮಾರ್ಚಿಯಲ್ಲಿ ಪಾಕಿಸ್ತಾನದ ರಾಜ್ಯಾಂಗ ಸಭೆಯು ಅಂಗೀಕರಿಸಿದ ಧ್ಯೇಯ ನಿರ್ಣಯವು ವಿಶ್ವದ ಸಾರ್ವಭೌಮತ್ವವು ಭಗವಂತನದೇ ಎಂದು ಸಾರಿತು. ಅದೇ ವರ್ಷದ ಅಕ್ಟೋಬರ್ 17ರಂದು ಈ ಪ್ರಶ್ನೆಯು ದೆಹಲಿಯಲ್ಲಿ ನಮ್ಮ ಪ್ರತಿನಿಧಿಗಳ ಮುಂದೆಯೂ ಬಂದಿತು.

ತಂದವರು ಶ್ರೀ ಹರಿ ವಿಷ್ಣು ಕಾಮತರು. ಮಂಗಳೂರಿನಲ್ಲಿ ಜನಿಸಿದ ಈ ಮಹಾಶಯರು ಐ.ಸಿ.ಎಸ್. ಅಧಿಕಾರವನ್ನು ತ್ಯಜಿಸಿ ಸುಭಾಷ್‌ಬಾಬುಗಳ ಪಕ್ಷವನ್ನು ಸೇರಿದ್ದವರು. ಪೀಠಿಕೆಯ ಮೊದಲಲ್ಲಿಯೇ 'ದೇವರ ಹೆಸರಿನಲ್ಲಿ' ಎಂಬ ಮಾತು ಸೇರಬೇಕೆಂಬುದು ಅವರ ತಿದ್ದುಪಡಿ. ಕೂಡಲೇ ಅಸ್ಸಾಮಿನ ಶ್ರೀ ರೋಹಿಣಿಕುಮಾರ ಚೌಧುರಿಯವರೆದ್ದು, ಕಾಮಾಖ್ಯೆಯ ನಾಡಿನ ಶಾಕ್ತರಾದ ತಮಗೆ ದೇವಿಯನ್ನು ಕೈಬಿಡುವುದು ಒಪ್ಪಿಗೆಯಿಲ್ಲವೆಂದರು! ಸಭಿಕರು ನಕ್ಕಿರಬಹುದು; ಆದರೆ ಆ ಆಕ್ಷೇಪಣೆಯಲ್ಲಿ ತಿರುಳಿತ್ತು. ಎಲ್ಲರಿಗೂ ಸಮಾನವೆಂದು ತೋರುವ ಪದವು ಸಹ ಒಬ್ಬರ ಮನೆಯ ಮಾತಾಗಿ ಇನ್ನೊಬ್ಬರಿಗೆ ಪರಕೀಯವಾಗುವುದುಂಟು. ಪಂಡಿತ ಹೃದಯನಾಥ ಕುಂಜ್ರೂರವರ ವಾದ ಇನ್ನೂ ಗಂಭೀರ: ವಿಚಾರ, ನಂಬಿಕೆ, ಉಪಾಸನೆಗಳ ಸ್ವಾತಂತ್ರ್ಯವನ್ನು ಸಾರುವ ಪೀಠಿಕೆಯೇ ನಂಬಿಕೆಯೊಂದನ್ನು ಎಲ್ಲರ ಮೇಲೆ ಹೊರಿಸುವುದು ಹೇಗೆ? ದೇವರನ್ನು ಮತಕ್ಕೆ ಹಾಕಬೇಡಿರೆಂದು ಶ್ರೀಮತಿ ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರೂ ಕಾಮತರು ಹಿಂಜರಿಯಲಿಲ್ಲ. ಪರವಾಗಿ 41, ವಿರೋಧವಾಗಿ 68 ಮತಗಳು ಬಿದ್ದವು.

ಆ 68 ಮಂದಿ ನಾಸ್ತಿಕರಾಗಿದ್ದರೆಂದು ಯಾರೂ ಭಾವಿಸಬೇಕಾಗಿಲ್ಲ. ದೇಶವು ಅದಾಗಲೇ ಒಂದು ಪಾಠವನ್ನು ಕಲಿತಿತ್ತು. ಗಾಂಧೀಜಿಯವರು ಸ್ವರಾಜ್ಯವನ್ನು ರಾಮರಾಜ್ಯವೆಂದು ಕರೆದಾಗ ಹಳ್ಳಿಯ ರೈತನಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೌನ್ಸಿಲು, ಡೊಮಿನಿಯನ್ನುಗಳ ಭಾಷೆ ಮುಟ್ಟದ ಹೃದಯವನ್ನು ಅದು ಮುಟ್ಟಿತು. ಆದರೆ ಅದು ಹಿಂದೂರಾಜ್ಯವಲ್ಲವೆಂದು ಮಹಾತ್ಮರೇ ಮತ್ತೆ ಮತ್ತೆ ವಿವರಿಸಬೇಕಾಯಿತು. ಪದವು ಹೋದಷ್ಟು ದೂರ ವಿವರಣೆಯು ಹೋಗಲಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಹಾಗೆಂದು ಧಾರ್ಮಿಕ ಭಾಷೆಯನ್ನು ರಾಷ್ಟ್ರವು ತೊರೆಯಿತೆ? ಇಲ್ಲ. ಧ್ವಜದಲ್ಲಿ ಧರ್ಮಚಕ್ರವುಂಟು, ರಾಷ್ಟ್ರಲಾಂಛನದಡಿಯಲ್ಲಿ ಮುಂಡಕೋಪನಿಷತ್ತಿನ ವಾಕ್ಯವುಂಟು. ಇನ್ನು ಪ್ರಮಾಣವಚನ: ಮಂತ್ರಿಯಾಗುವವನು ದೇವರ ಹೆಸರಿನಲ್ಲಿಯೂ ಆಣೆಯಿಡಬಹುದು, ಕೇವಲ ದೃಢವಚನವನ್ನೂ ನೀಡಬಹುದು. ಅಲ್ಲಿ ಮಾತನಾಡುವವನು ಒಬ್ಬ. ಪೀಠಿಕೆಯಲ್ಲಿ ಮಾತನಾಡುವವರು ಸಮಸ್ತ ಜನರು. ಕಾಮತರ ತಿದ್ದುಪಡಿಯು ಗಣಿಸದೆ ಹೋದದ್ದು ಈ ಭೇದವನ್ನೇ.

1976ರಲ್ಲಿ 42ನೆಯ ತಿದ್ದುಪಡಿಯು ಪೀಠಿಕೆಗೆ ಸೆಕ್ಯುಲರ್ ಎಂಬ ವಿಶೇಷಣವನ್ನು ಸೇರಿಸಿತು. ಅಧಿಕೃತ ಹಿಂದಿ ಪಾಠದಲ್ಲಿ ಅದು 'ಪಂಥನಿರಪೇಕ್ಷ', 'ಧರ್ಮನಿರಪೇಕ್ಷ'ವಲ್ಲ. ಧ್ವಜದಲ್ಲಿ ಧರ್ಮಚಕ್ರವನ್ನಿಟ್ಟುಕೊಂಡ ರಾಷ್ಟ್ರಕ್ಕೆ ಆ ಎರಡನೆಯ ಪದವು ಸಲ್ಲುವುದೇ ಎಂದು, ಅದನ್ನು ದಿನವೂ ಅಚ್ಚುಮಾಡುವ ನಾವು ಪತ್ರಿಕೆಯವರು ಒಮ್ಮೆ ಯೋಚಿಸಬೇಕಾಗಿದೆ.